ಹೂಂ ಅನ್ನುವ ತಂಗಿ

ನನ್ನ ಯೋಗದ ತರಗತಿಯಲ್ಲಿ ನನಗೆ ಬೆಕ್ಕು ಟೀಚರ್ ಎಂದು ಹೆಸರು. ಬೆನ್ನ ಹಿಂದೆ ಕರೆಯುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಇಪ್ಪತ್ತಾರು ವರ್ಷಗಳಿಂದ ನನ್ನ ಕ್ರಮ ಒಂದೇ: ಬರಿಗಾಲಲ್ಲಿ ಸದ್ದಿಲ್ಲದೆ ಚಾಪೆಗಳ ನಡುವೆ ಓಡಾಡುವುದು, ಯಾರ ಭುಜ ಬಿಗಿದಿದೆಯೋ ಅದನ್ನು ಹಿಂದಿನಿಂದ ಒತ್ತಿ ಇಳಿಸುವುದು. ನನ್ನ ಕೈಗುಣ ದೊಡ್ಡದು ಅಂತ ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಹೊಗಳಿಕೆ ನಂಬುವುದರಲ್ಲಿ ನನ್ನದು ಎತ್ತಿದ ಕೈ.

ತರಗತಿ ನಡೆಯುವುದು ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ. ಕೆಳಗೆ ಗಾಳಿ ತುಂಬುವ ಯಂತ್ರ ಆಗಾಗ ಬುಸ್ ಎನ್ನುತ್ತದೆ. ಹೊಸಬರು ಯಾರೋ ಜೋರಾಗಿ ಪ್ರಾಣಾಯಾಮ ಮಾಡುತ್ತಿದ್ದಾರೆ ಎಂದುಕೊಂಡು ತಾವೂ ಜೋರಾಗಿ ಉಸಿರು ಬಿಡುತ್ತಾರೆ.

ಆ ಹಾಲ್‌ಗೆ ನನ್ನ ತಂಗಿಯನ್ನು ನಾನೇ ಎಳೆದುಕೊಂಡು ಹೋದೆ. ನಲವತ್ತೊಂದು ವರ್ಷದವಳು, ಆದರೂ ನನಗೆ ಪುಟ್ಟಿ. ಹದಿನೇಳು ವರ್ಷ ಸಂಸಾರ ಮಾಡಿ, ಒಂದು ಮಂಗಳವಾರ ಬೆಳಿಗ್ಗೆ ಬ್ಯಾಗ್ ಹಿಡಿದು ನನ್ನ ಬಾಗಿಲಿಗೆ ಬಂದಿದ್ದಳು. ಗಂಡ ಹೊಡೆಯುತ್ತಿದ್ದ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಸ್ನಾನ ಮುಗಿಸಿ ಕೂದಲು ಎತ್ತಿ ಕಟ್ಟಿದಾಗ ಕುತ್ತಿಗೆಯ ಮೇಲಿನ ಕಲೆ ಕಂಡಿತು. ಆಮೇಲೆ ನಾನು ಏನು ಕೇಳಿದರೂ ಒಂದೇ ಉತ್ತರ. ಟೀ ಮಾಡ್ಲಾ? ಹೂಂ. ಕಾಫಿ? ಹೂಂ. ಎರಡನ್ನೂ ಬೆರೆಸಿ ಕೊಡ್ಲಾ ಅಂತ ರೇಗಿಸಿದೆ. ಅದಕ್ಕೂ ಹೂಂ. ನಾನು ನಕ್ಕೆ, ಅವಳು ನಗಲಿಲ್ಲ.

"ನನ್ನ ಕ್ಲಾಸಿಗೆ ಬಾ, ಒಂದೇ ತಿಂಗಳಲ್ಲಿ ಸರಿ ಮಾಡ್ತೀನಿ," ಅಂದೆ, ಕೆಟ್ಟ ಮಿಕ್ಸಿಗೆ ಹೇಳುವ ಹಾಗೆ.

"ಹೂಂ ಅಕ್ಕ," ಅಂದಳು.

ಮೂರನೆಯ ದಿನ ಅದು ಆಯಿತು. ಕೊನೆಯ ಹತ್ತು ನಿಮಿಷ ಶವಾಸನ. ಪರದೆ ಎಳೆದು, ದೀಪ ಆರಿಸಿ, ಎಲ್ಲರನ್ನೂ ಅಂಗಾತ ಮಲಗಿಸಿದ್ದೆ. ಪುಟ್ಟಿ ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದಳು. "ಕಣ್ಣು ಮುಚ್ಚು," ಅಂದೆ. ಮುಚ್ಚಿದಳು. ಭುಜಗಳು ಕಿವಿಯವರೆಗೆ ಏರಿದ್ದವು. ನಾನು ಒಂದು ಸುತ್ತು ಹಾಕಿ ಬಂದು, ಅವಳ ತಲೆಯ ಬಳಿ ಮಂಡಿಯೂರಿ, ಎರಡೂ ಕೈಗಳನ್ನು ಆ ಭುಜಗಳ ಮೇಲೆ ಇಟ್ಟೆ. ಹೆಬ್ಬೆರಳುಗಳು ಕುತ್ತಿಗೆಗೆ ತಾಗಿದವು.

ಅವಳು ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. ತೆವಳಿಕೊಂಡು ಗೋಡೆಗೆ ಹೋಗಿ, ಎರಡೂ ಮೊಣಕೈಗಳಿಂದ ತಲೆ ಮುಚ್ಚಿಕೊಂಡು, ಸಣ್ಣ ದನಿಯಲ್ಲಿ "ತಪ್ಪಾಯ್ತು, ತಪ್ಪಾಯ್ತು" ಅನ್ನತೊಡಗಿದಳು. ಹದಿನಾಲ್ಕು ಜನ ಎದ್ದು ಕೂತರು. ನನ್ನ ಕೈಗಳನ್ನು ಎಲ್ಲಿಡಬೇಕೆಂದು ನನಗೇ ತಿಳಿಯಲಿಲ್ಲ.

ಮಧ್ಯಾಹ್ನ ನೋಡಿದರೆ ಬಟ್ಟೆ ಮಡಚುತ್ತಿದ್ದಳು.

"ಎಲ್ಲಿಗೆ?"

"ಮನೆಗೆ."

"ಆ ಮನೆಗಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?" ನನ್ನ ದನಿ ಏರಿತು. ನನ್ನ ದನಿಗೆ ಏರುವುದೊಂದೇ ಗೊತ್ತು.

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಅಲ್ಲಾದ್ರೆ ಯಾವಾಗ ಏಟು ಬೀಳತ್ತೆ ಅಂತ ಗೊತ್ತಾಗತ್ತೆ ಅಕ್ಕ. ಬೀಗ ತೆಗೆಯೋ ಸದ್ದಲ್ಲೇ ತಿಳಿಯತ್ತೆ. ಶೂ ಬಿಚ್ಚೋ ಸದ್ದಲ್ಲಿ ತಿಳಿಯತ್ತೆ. ನೀನು ಬರೋದು ಗೊತ್ತೇ ಆಗಲ್ಲ."

ನಾನು ಮಂಚದ ಮೇಲೆ ಕೂತೆ. ಆ ಮನುಷ್ಯನಿಗಿಂತ ನಾನು ಹೆಚ್ಚು ಹೆದರಿಸಿದ್ದೆ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಒಂದು ವಾರ ಇರು," ಎಂದು ಬೇಡಿಕೊಂಡೆ. "ನಾನು ಬರೋದು ನಿಂಗೆ ಗೊತ್ತಾಗೋ ಹಾಗೆ ಮಾಡ್ತೀನಿ."

"ಹೂಂ," ಅಂದಳು. ಉಳಿದಳು. ಆದರೆ ಆ ಹೂಂ ಎಷ್ಟು ದಿನದ್ದು ಎಂಬ ಅನುಮಾನ ನನಗಾಗಲೇ ಹತ್ತಿತ್ತು. ನನಗೆ ಹೂಂ ಅಂದವಳು, ನಾಳೆ ಗಂಡ ಫೋನ್ ಮಾಡಿ 'ಬಾ' ಅಂದರೆ ಅವನಿಗೂ ಹೂಂ ಅಂದೇ ಅನ್ನುತ್ತಾಳೆ.

ಮರುದಿನ ತರಗತಿಗೆ ಎಲ್ಲರಿಗಿಂತ ಮೊದಲು ನರ್ಸಮ್ಮ ಬಂದರು. ಹಿಂದಿನ ದಿನ ಎದ್ದು ಕೂತವರಲ್ಲಿ ಅವರೂ ಒಬ್ಬರು; ನನ್ನ ಹಳೆಯ ವಿದ್ಯಾರ್ಥಿನಿ, ಆಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡ್‌ನಲ್ಲಿ ಕೆಲಸ.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ನಾವೆಲ್ಲ ವರ್ಷಗಟ್ಟಲೆ ಕಾದ್ವಿ ಟೀಚರ್," ಅಂದರು. "ಇವತ್ತು ನಾನೇ ಕಟ್ತೀನಿ, ಬೈಕೋಬೇಡಿ. ಹೆದರಿರೋ ಮೈಗೆ ಬಂದದ್ದು ಅಕ್ಕನ ಕೈಯೋ ಯಾರ ಕೈಯೋ ಅಂತ ನೋಡೋಕೆ ಪುರುಸೊತ್ತಿರಲ್ಲ. ನಾವು ವಾರ್ಡಲ್ಲಿ ಹೊದಿಕೆ ಸರಿ ಮಾಡೋಕೂ ಮೊದಲು ಕೇಳ್ತೀವಿ. ಬೇಡ ಅಂದ್ರೆ ಕೈ ವಾಪಸ್."

"ಎಲ್ಲರೂ ಬೇಡ ಅಂದ್ರೆ ಆಸನ ಸರಿ ಹೋಗೋದು ಹೇಗ್ರೀ?"

"ಆಸನ ಸೊಟ್ಟಗಿದ್ರೆ ಯಾರೂ ಸಾಯಲ್ಲ ಟೀಚರ್."

ನನಗೆ ಮೈ ಉರಿಯಿತು. ಇಷ್ಟು ವರ್ಷದ ಕಸುಬಿಗೆ ಬಂದು ಪಾಠ ಹೇಳುತ್ತಾರಲ್ಲ ಅನ್ನಿಸಿತು. ಅಷ್ಟರಲ್ಲಿ ಅವರು ಚಾಪೆ ಬಿಡಿಸುತ್ತ, ನನ್ನ ಮುಖ ನೋಡದೆ ಹೇಳಿದರು: "ಮೊದಲನೇ ವರ್ಷ ನೀವು ಹಿಂದೆ ಬಂದಾಗಲೆಲ್ಲ ನನಗೂ ಜೀವ ಹೋದ ಹಾಗಾಗ್ತಿತ್ತು. ಹೇಳೋಕೆ ಧೈರ್ಯ ಬರಲಿಲ್ಲ."

ಸಿಟ್ಟು ಅಲ್ಲೇ ಇಳಿಯಿತು, ನಾಚಿಕೆ ಏರಿತು. ಇನ್ನೂ ಎಷ್ಟು ಜನ ಹೇಳದೆ ಹೋದರೋ.

ಅದೇ ವಾರ ಒಂದು ಜೊತೆ ಗಟ್ಟಿ ಅಡಿಯ ಚಪ್ಪಲಿ ಕೊಂಡೆ, ಹಾಲ್‌ನೊಳಗೆ ಹಾಕಿಕೊಳ್ಳುವುದಕ್ಕೆಂದೇ. ಹೊಸ್ತಿಲ ಒಳಗೆ ಚಪ್ಪಲಿ ಕಂಡರೆ ಊರೆಲ್ಲ ಒಂದು ಮಾಡುತ್ತಿದ್ದವಳು ನಾನೇ ಚಟಪಟ ಸದ್ದು ಮಾಡುತ್ತ ಓಡಾಡತೊಡಗಿದೆ. ದೀಪ ಆರಿಸುವುದನ್ನು ಬಿಟ್ಟೆ. ಬಾಗಿಲು ಅರ್ಧ ತೆರೆದಿಟ್ಟೆ. ಪುಟ್ಟಿಯ ಚಾಪೆಯ ಹಿಂದೆ ಗೋಡೆ, ಎದುರಿಗೆ ಬಾಗಿಲು. "ಕಣ್ಣು ಮುಚ್ಚಿ" ಅನ್ನುವ ಬದಲು "ಮುಚ್ಚಬಹುದು, ಬಿಟ್ಟುಕೊಂಡೂ ಇರಬಹುದು" ಅನ್ನುವುದನ್ನು ಕಲಿತೆ. ಜೀವಮಾನವಿಡೀ ಅಪ್ಪಣೆ ಕೊಟ್ಟ ನಾಲಿಗೆಗೆ ಆ 'ಬಹುದು' ಅನ್ನದಲ್ಲಿನ ಕಲ್ಲಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಿದ್ದೇನೆಂದು ಹೇಳುತ್ತಲೇ ನಡೆಯುತ್ತಿದ್ದೆ. "ಈಗ ಕಿಟಕಿ ಹತ್ರ ಇದೀನಿ. ಈಗ ನಿಮ್ಮ ಬಲಗಡೆ ಬರ್ತಿದೀನಿ." ಬಸ್ಸಿನಲ್ಲಿ ಸ್ಟಾಪ್ ಕೂಗಿದ ಹಾಗಿದೆ ಎಂದು ಎಲ್ಲರೂ ನಕ್ಕರು.

ಅಂಗಾತ ಮಲಗಿದ್ದ ಪುಟ್ಟಿಯ ಬಳಿ ಬಂದಾಗ, ಅವಳಿಗೆ ಕಾಣುವಂತೆ ಎದುರಿಗೆ ನಿಂತು ಕೇಳಿದೆ. "ಭುಜದ ಮೇಲೆ ಕೈ ಇಡ್ಲಾ?"

"ಹೂಂ."

ಕೈ ಚಾಚಬೇಕು ಅನ್ನುವಷ್ಟರಲ್ಲಿ ಅವಳ ಪಾದಗಳ ಕಡೆ ಕಣ್ಣು ಹೋಯಿತು. ಹತ್ತೂ ಬೆರಳುಗಳು ಒಳಕ್ಕೆ ಮುದುರಿಕೊಂಡಿದ್ದವು. ನಾನು ಕೈ ಕಟ್ಟಿಕೊಂಡೆ.

"ನಿನ್ನ ಕಾಲ್ಬೆರಳು ಬೇಡ ಅಂತಿವೆ ಕಣೇ. ಸದ್ಯಕ್ಕೆ ಅವುಗಳ ಮಾತೇ ಕೇಳ್ತೀನಿ."

ಅವಳು ತಲೆಯೆತ್ತಿ, ಯಾರದೋ ಕಾಲು ನೋಡುವ ಹಾಗೆ ತನ್ನ ಕಾಲನ್ನು ನೋಡಿಕೊಂಡಳು.

ದಿನಾ ಕೇಳಿದೆ. ದಿನಾ ಹೂಂ ಅಂದಳು, ದಿನಾ ಬೆರಳುಗಳು ಮುದುರಿದವು, ದಿನಾ ನಾನು ಮುಂದಕ್ಕೆ ಹೋದೆ. ಸುಳ್ಳೇಕೆ ಹೇಳಲಿ, ನನ್ನ ಕೈ ತುರಿಸುತ್ತಿತ್ತು. ಎತ್ತಿ ಆಡಿಸಿದ ತಂಗಿ ಅವಳು, ಒಂದು ಸಲ ತಬ್ಬಿಕೊಂಡುಬಿಡೋಣ ಅನ್ನಿಸುತ್ತಿತ್ತು. ಎರಡು ತಿಂಗಳಾದರೂ ಬದಲಾಗದಿದ್ದಾಗ ನರ್ಸಮ್ಮನ ಹತ್ತಿರ ಗೊಣಗಿದೆ.

"ಹೂಂ ಅಂದೇ ಅವರು ಇಷ್ಟು ವರ್ಷ ಜೀವ ಉಳಿಸಿಕೊಂಡಿರೋದು," ಅಂದರು ಅವರು. "ಬೇಡ ಅಂದ್ರೂ ಏನೂ ಆಗಲ್ಲ ಅಂತ ಮೈಗೆ ನಂಬಿಕೆ ಬರಬೇಕು. ನೀವು ಕೇಳ್ತಾ ಇರಿ."

ಮೂರನೆಯ ತಿಂಗಳ ಒಂದು ಶನಿವಾರ, ತರಗತಿ ಮುಗಿದು ಎಲ್ಲರೂ ಇಳಿದು ಹೋಗಿದ್ದರು. ನಾವಿಬ್ಬರೂ ಚಾಪೆ ಸುತ್ತುತ್ತಿದ್ದೆವು. ಕಿಟಕಿಯ ಮೇಲಿಟ್ಟಿದ್ದ ಅವಳ ಫೋನ್ ರಿಂಗಾಯಿತು. ನೋಡಿದವಳ ಮುಖ ಬಿಳಿಚಿಕೊಂಡಿತು. ಅವನೇ.

ನನ್ನ ಕೈ ಆಗಲೇ ಅರ್ಧ ದಾರಿ ಹೋಗಿತ್ತು. ಕಸಿದುಕೊಂಡು, ಹದಿನೇಳು ವರ್ಷದ್ದನ್ನೆಲ್ಲ ಸೇರಿಸಿ ಅವನ ಜನ್ಮ ಜಾಲಾಡಬೇಕು ಅನ್ನಿಸಿತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆ ಕಸಿದುಕೊಂಡರೆ, ಅದೂ ಅವಳನ್ನು ಕೇಳದೆ ಬಂದ ಕೈಯೇ. ಬಹಳ ಕಷ್ಟಪಟ್ಟು ಕೈ ಹಿಂದಕ್ಕೆ ತಂದೆ.

"ನಾನು ಮಾತಾಡ್ಲಾ ಪುಟ್ಟಿ?"

ಫೋನ್ ರಿಂಗಾಗುತ್ತಲೇ ಇತ್ತು.

"ಬೇಡ," ಅಂದಳು.

ನನಗೆ ತಕ್ಷಣ ಅರ್ಥವೇ ಆಗಲಿಲ್ಲ.

"ಬೇಡ ಅಕ್ಕ. ನಾನೇ ಮಾತಾಡ್ತೀನಿ. ನೀನು ಸ್ವಲ್ಪ ಆಚೆ ಇರು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಅವಳು "ಹೂಂ" ಅಂದದ್ದು ಕೇಳಿಸಿತು. ಇನ್ನೊಂದು ಸಲ "ಹೂಂ". ಎದ್ದು ಒಳಗೆ ನುಗ್ಗದಿರಲು ಕಂಬಿ ಹಿಡಿದುಕೊಂಡೆ.

"ನೀವು ಹೇಳಿದ್ದೆಲ್ಲ ಕೇಳಿಸ್ಕೊಂಡೆ," ಅಂದಳು. "ನಾನು ಬರಲ್ಲ. ಇಲ್ಲ. ಬರಲ್ಲ ಅಂದ್ನಲ್ಲ."

ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ಕಣ್ಣು ಆಗಲೇ ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಕೈ ಹಿಡ್ಕೊಳ್ಲಾ?" ಅಂತ ಕೇಳಿದೆ.

ಅವಳು ಯೋಚಿಸಿದಳು. ತನಗೇನು ಬೇಕು ಎಂದು ತನ್ನನ್ನೇ ಕೇಳಿಕೊಳ್ಳುವ ಹಾಗೆ, ನಿಧಾನವಾಗಿ ಯೋಚಿಸಿದಳು.

"ಈಗ ಬೇಡ," ಅಂದಳು. "ಆದ್ರೆ ಎದ್ದು ಹೋಗಬೇಡ."

ನಾನು ಅಲ್ಲೇ ಕೂತಿದ್ದೆ.