ಎರಡು ರೂಪಾಯಿಯ ಕೆಂಚಮ್ಮ

ಕೆಂಚಮ್ಮ ನಗುವಾಗಲೂ ಗ್ಲಾಸಿನ ಮೇಲಿಂದ ಅಂಗೈ ತೆಗೆಯುತ್ತಿರಲಿಲ್ಲ. ಎರಡು ರೂಪಾಯಿ ಹಲಗೆಯ ಮೇಲೆ ಬಿದ್ದ ಮೇಲೆಯೇ ಆ ಕೈ ಸರಿಯುತ್ತಿತ್ತು. ಮಿಡಿಗೇಶಿಯ ತನ್ನ ಸಾರಾಯಿ ಅಂಗಡಿಯಲ್ಲಿ, ಸೀರೆಯ ಮೇಲೆ ಸತ್ತ ಗಂಡನ ಖಾಕಿ ಕೋಟು ತೊಟ್ಟು, ಮಂಡಿನೋವಿಗೆ ಎಡಗಾಲನ್ನು ತುಸು ಎಳೆದರೂ ಊರಗೌಡನ ಗತ್ತಿನಿಂದ ಓಡಾಡುತ್ತಿದ್ದ ಆಕೆಯೆದುರು ಯಾರ ಚೌಕಾಸಿಯೂ ನಡೆಯುತ್ತಿರಲಿಲ್ಲ. "ಕಮ್ಮಿ ಆಗಲ್ಲ ಕಣಪ್ಪ" ಎಂಬುದು ಅವಳಿಗೆ ನಮಸ್ಕಾರದಷ್ಟೇ ಸಹಜವಾದ ಮಾತು. ಅಗ್ಗದ ಸಾರಾಯಿ ಗಂಡನನ್ನು ನುಂಗಿದ ಮೇಲೆ, ಕೂಲಿಯವನ ಕೈಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಗ್ಲಾಸು ಎಟುಕಬಾರದೆಂದು ಯೋಚಿಸಿಯೇ ಆಕೆ ಆ ಬೆಲೆ ಕಟ್ಟಿದ್ದಳು. ಮಾರುವವಳಿಗೇ ಈ ಚಿಂತೆ ಎಂದರೆ ಊರಿಗೆಲ್ಲ ತಮಾಷೆ. ಅಲ್ಲಿ ಮೇಷ್ಟರಾಗಿದ್ದ ನನಗೂ ಮೊದಮೊದಲು ನಗು ಬಂದಿತ್ತು, ಸುಳ್ಳೇಕೆ ಹೇಳಲಿ.

ಎಂಬತ್ತೆರಡರ ಬೇಸಿಗೆಯಲ್ಲಿ ಎರಡು ಮೈಲಿ ಆಚೆ ಅಂಗಡಿ ಹಿಡಿದ ಸಣ್ಣರಂಗಯ್ಯ, ಅವಳ ಗಿರಾಕಿಗಳನ್ನು ಸೆಳೆಯಲು ಗ್ಲಾಸಿಗೆ ಒಂದೇ ರೂಪಾಯಿ ಮಾಡಿದ. ಬಡವರ ಪಾಲಿನ ದೇವರೆಂದು ಜನ ಅವನನ್ನು ಕೊಂಡಾಡಿದರು. ಮೊದಲು ಅತ್ತ ಹೊರಟವನು ಕೆಂಚಮ್ಮನ ಒಡಹುಟ್ಟಿದ ತಮ್ಮ, ಬಾವಿ ತೋಡುವ ಚಿಕ್ಕಹನುಮಯ್ಯ. ಮೂರನೆಯ ವಾರ ಅವನು ರಕ್ತ ಕಾರಿಕೊಂಡ. ಹೀಗೇ ಕುಡಿದರೆ ಇವನು ಮಳೆಗಾಲ ಕಾಣುವುದಿಲ್ಲವೆಂದು ಮಧುಗಿರಿ ಆಸ್ಪತ್ರೆಯ ಡಾಕ್ಟರು ಜೊತೆಗೆ ಹೋಗಿದ್ದ ಅಕ್ಕನ ಮುಖಕ್ಕೇ ಹೇಳಿಬಿಟ್ಟರು.

ಬಸ್ಸಿಳಿದವಳೇ ಕೆಂಚಮ್ಮ ಕುಂಟುತ್ತ ಸಣ್ಣರಂಗಯ್ಯನ ಅಂಗಡಿಗೆ ನಡೆದಳು. ಜಗಳಕ್ಕೆ ಬಂದಳೆಂದು ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರಂತೆ. ಆಕೆ ತನ್ನ ಅಂಗಡಿಯ ಬೀಗದ ಕೈ ತೆಗೆದು ಅವನ ಮುಂದಿಟ್ಟಳು.

"ನಾಳೆಯಿಂದ ನನ್ನಂಗಡಿ ಮುಚ್ತೀನಿ ಕಣಪ್ಪ ರಂಗಯ್ಯ, ಗಿರಾಕಿಗಳ್ನೆಲ್ಲ ನೀನೇ ಇಟ್ಕೊ. ಎರಡು ರೂಪಾಯಿಗೆ ಕಮ್ಮಿ ಮಾತ್ರ ಸುರೀಬ್ಯಾಡ."

ಎದುರಾಳಿಯೇ ಇಲ್ಲದ ಮೇಲೆ ಅಗ್ಗಕ್ಕೆ ಮಾರುವ ದರ್ದು ಅವನಿಗೇನು? ಒಪ್ಪಿಕೊಂಡ. ಕೆಂಚಮ್ಮ ಮುಚ್ಚಿದ ಅಂಗಡಿಯ ಜಗಲಿಯಲ್ಲಿ, ಅದೇ ಕೋಟಿನಲ್ಲಿ, ಬೇಯಿಸಿದ ಕಡಲೆಕಾಯಿ ಮಾರಲು ಕೂತಳು.

ಮತ್ತೆ ಒಂದೇ ಗ್ಲಾಸಿಗೆ ಇಳಿಯಬೇಕಾಗಿ ಬಂದ ಚಿಕ್ಕಹನುಮಯ್ಯ, ಆ ಮಳೆಗಾಲವನ್ನೂ ಮತ್ತೂ ಐದು ಮಳೆಗಾಲಗಳನ್ನೂ ಕಂಡ; ದಿನಾ ಸಂಜೆ ಆ ಜಗಲಿಯೆದುರು ನಿಂತು ಬಡವರ ಹೊಟ್ಟೆಗೆ ಹೊಡೆದವಳೆಂದು ಅಕ್ಕನಿಗೆ ಶಾಪ ಹಾಕುತ್ತಿದ್ದ. ಹೇಗೆ ಸಹಿಸುತ್ತೀಯಮ್ಮ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಬಯ್ಯಾಕೆ ಬದುಕವ್ನಲ್ಲ, ಸಾಕು ಬುಡಿ ಮೇಷ್ಟ್ರೇ" ಎಂದಳು, ಅವನತ್ತ ಒಂದು ಹಿಡಿ ಕಡಲೆಕಾಯಿ ಚಾಚುತ್ತ.

ಇಂಥವರು ಮನುಷ್ಯನನ್ನು ತಿದ್ದಲು ಹೊರಡುವುದಿಲ್ಲ. ಅವನ ವಿನಾಶವನ್ನು ಅವನಿಗೆ ತುಸು ದುಬಾರಿ ಮಾಡಿ, ಅದರ ಬೈಗುಳವನ್ನೆಲ್ಲ ತಾವೇ ಉಂಡು, ನೆಮ್ಮದಿಯಾಗಿ ಕೂತಿರುತ್ತಾರೆ.