ಕಾಗದದಲ್ಲಿ ಇಲ್ಲದ ವಿರಾಮ

ಸಿಗ್ನಲ್ ಹಸಿರಾಗಿದೆ, ಹಿಂದಿನ ಕಾರಿನವನು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದಾನೆ, ಏರಿಳಿತವೇ ಇಲ್ಲ, ತಾನೂ ಒಂದು ಕಾಲಕ್ಕೆ ಹೀಗೇ ಮಾತಾಡುತ್ತಿದ್ದವಳಲ್ಲವೇ ಎನ್ನಿಸಿ ನಾಸಿರಾ ಗಾಡಿ ಮುಂದಕ್ಕೆ ಬಿಟ್ಟಳು — ಈ ದೇಶಕ್ಕೆ ಬಂದು ಬಾಸ್ಕಿಂಗ್ ರಿಡ್ಜ್ ಆಫೀಸಿಗೆ ಸೇರಿದ ಹೊಸತರಲ್ಲಿ ಅವಳು ಬಾಯಿ ತೆರೆದರೆ ಎದುರಿನವರು ಗಡಿಯಾರ ನೋಡುತ್ತಿದ್ದರು, ಆಗ ಪಕ್ಕದ ಸೀಟಿನ ಮಹದೇವ ಅವರೇ ಊಟದ ಹೊತ್ತಿನಲ್ಲಿ ಖಾಲಿ ರೂಮಿಗೆ ಕರೆದು ಕೂರಿಸಿದ್ದು, ನಾಸಿರಾ ಅವರೇ, ನೀವು ಮಾತಾಡಿದ್ರೆ ಟೆಲಿಫೋನ್ ಡೈರೆಕ್ಟರಿ ಓದಿದ ಹಾಗಿರುತ್ತೆ, ದನಿ ಏರಿಸಿ, ಇಳಿಸಿ, ಮುಖ್ಯವಾದ ಮಾತಿಗೆ ಮುಂಚೆ ಒಂದು ಗಳಿಗೆ ಸುಮ್ಮನಿರಿ, ಜನ ತಾವಾಗೇ ತಲೆ ಎತ್ತುತ್ತಾರೆ — ಎತ್ತಿದರು, ಎರಡೇ ವರ್ಷಕ್ಕೆ ಅವಳು ಮ್ಯಾನೇಜರ್, ಅವರು ಅವಳ ಟೀಮಿನಲ್ಲೇ, ಒಂದು ದಿನವೂ ಮುಖ ಸಣ್ಣದು ಮಾಡಿಕೊಂಡವರಲ್ಲ, ಇವತ್ತು ಬೆಳಿಗ್ಗೆ ಎಚ್‌ಆರ್‌ನ ಹೆಂಗಸು ಒಂದು ಹಾಳೆ ಕೈಗಿಟ್ಟು, ಇದ್ದದ್ದು ಇದ್ದ ಹಾಗೆ ಓದು, ನಿನ್ನ ಫೀಲಿಂಗ್ಸ್ ಸೇರಿಸಬೇಡ, ಬ್ಯಾಂಕುಗಳೇ ಮುಳುಗುತ್ತಿವೆ, ನಾವೇನು ಮಹಾ ಅಂದಳು, ಕೆಲಸ ಹೋಗುವವರ ಒಂಬತ್ತು ಹೆಸರು, ಆರನೆಯದು ಮಹದೇವ, ಅವರ ವೀಸಾ ಈ ಕೆಲಸಕ್ಕೇ ಅಂಟಿಕೊಂಡಿದೆ, ಇದು ಹೋದರೆ ದೇಶವನ್ನೇ ಬಿಡಬೇಕಾದೀತು, ಹೋದ ಶನಿವಾರ ತಾನೇ ಅವರ ಹೆಂಡತಿ ರೇಣು ಹ್ಯಾರಿಸನ್ನಿನ ಹೊಸ ಅಪಾರ್ಟ್‌ಮೆಂಟಿಗೆ ಪರದೆ ಆರಿಸಲು ನಾಸಿರಾಳನ್ನೇ ಕರೆದೊಯ್ದಿದ್ದಳು, ಹಳದಿ ಚೆನ್ನಾಗಿದೆ ಅಲ್ವಾ, ಹೂಂ, ಹಳದಿಯೇ ಇರಲಿ — ಬಾತ್‌ರೂಮಿನಲ್ಲಿ ಆ ಹಾಳೆಯನ್ನು ನಾಲ್ಕು ಸಲ ಓದಿ ನೋಡಿದಳು, ಸಪ್ಪಗೇ ಬಂತು, ಆದರೆ ಮಾಮೂಲಿ ಟೀಮ್ ಮೀಟಿಂಗ್ ಅಂದುಕೊಂಡು ಬಂದು ಕೂತ ಒಂಬತ್ತು ಮುಖಗಳೆದುರು ನಿಂತದ್ದೇ, ಈ ಹಾಳು ಗಂಟಲು, ರೂಢಿಬಿದ್ದ ಗಂಟಲು, ತಾನಾಗಿ ಏರಿತು, ಕಂಪನಿ ಕಷ್ಟದಲ್ಲಿದೆ ಅನ್ನುವಲ್ಲಿ ಮೆತ್ತಗಾಯಿತು, ಆದ್ದರಿಂದ ಇವತ್ತಿನಿಂದ ಎಂದು — ನಿಂತುಬಿಟ್ಟಿತು, ಕಾಗದದಲ್ಲಿ ಇಲ್ಲದ ವಿರಾಮ, ತಲೆಗಳೆಲ್ಲ ಎದ್ದವು, ಮಹದೇವ ಅವರು ಮೆಚ್ಚಿ ತಲೆಯಾಡಿಸಿದರು, ತುಟಿಯಲ್ಲಿ ಮೇಷ್ಟರ ನಗು, ಭೇಷ್, ಹೀಗೇ, ಅವರು ದನಿಯನ್ನಷ್ಟೇ ಕೇಳುತ್ತಿದ್ದರು — ನಿಮ್ಮ ಹುದ್ದೆಗಳು ಇರುವುದಿಲ್ಲ, ಅಂದಳು, ನಂದೂನಾ ನಾಸಿರಾ ಅವರೇ, ಅಂದರು, ಅವಳು ಹಾಳೆ ಅವರತ್ತ ತಿರುಗಿಸಿ ಆರನೆಯ ಹೆಸರು ತೋರಿಸಿದಳು — ವುಡ್‌ಬ್ರಿಡ್ಜಿನ ಮನೆ ಬಂತು, ಎಂಜಿನ್ ಆರಿಸಿದಳು, ಬಾಗಿಲಲ್ಲಿ ಝೋಯಾ, ಅಮ್ಮೀ, ಹೌ ವಾಸ್ ಯುವರ್ ಸ್ಪೀಚ್, ಡಿಡ್ ದೇ ಲೈಕ್ ಇಟ್, ಲೈಕ್ ಮಾಡಿದರು ಮಗಳೇ, ಒಬ್ಬರಂತೂ ಮಾಡಿದರು, ಅರ್ಥವಾದ ಮೇಲೂ ಅವರ ನಗು ಹೋಗಲಿಲ್ಲ, ತೆಗೆಯಲು ಮರೆತವರ ಹಾಗೆ ಅದನ್ನು ಹೊತ್ತುಕೊಂಡೇ ಎದ್ದರು, ಕುರ್ಚಿ ಒಳಗೆ ತಳ್ಳುವಾಗಲೂ ಆ ನಗು, ಕೈ ಕುಲುಕುವಾಗಲೂ, ಆ ನಗು —