ಮೂರನೇ ಸಲದ ಹೂವು

ರೂಪಶ್ರೀಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಮನೆ. ಈರುಳ್ಳಿ ಲಾರಿ ಹೋದಾಗಲೆಲ್ಲ ಕಿಟಕಿ ನಡುಗುತ್ತದೆ, ಇವತ್ತು ಅವಳೂ ಎದ್ದು ನಿಲ್ಲುತ್ತಾಳೆ. ಸಮುದ್ರದಲ್ಲಿ ಕಾಲು ನೆನೆಸಿದ್ದೇ ಅಪರೂಪ, ಆದರೂ ಯಾವ ದಾರಿಯಲ್ಲಿ ಹೋದರೆ ಹಡಗು ನೀರಿನೊಳಗೆ ಹುದುಗಿಸಿಟ್ಟ ಮೈನ್ ಬಾಂಬು ಸೋಕಿ ಸಿಡಿದೀತು ಎಂದು ಲೆಕ್ಕ ಹಾಕಿ ಹೇಳುವುದೇ ಅವಳ ನೌಕರಿ. ಮನೆಯಿಂದಲೇ ಕೆಲಸ.

ನಿನ್ನೆ ಲೆಕ್ಕಕ್ಕೆಂದು ಬಂದದ್ದು ಗೊತ್ತಿರುವ ಹಡಗೇ. ಅವಳ ತಮ್ಮ ಬಸವಪ್ರಸಾದ್ ಅದರ ಎಂಜಿನ್ ರೂಮಿನಲ್ಲಿದ್ದಾನೆ. ಲೆಕ್ಕದಲ್ಲಿ ‘ಹೋಗಕೂಡದು’ ಎಂದೇ ಬಂತು. ಮೇಲಿನ ಸಾಹೇಬರು ಫೋನಿನಲ್ಲಿ, "ಮೀನುಗಾರರು ಕಂಡೆವು ಅಂದ ಮೈನ್‌ಗಳೆಲ್ಲ ನಿಜವೇನಮ್ಮ? ಇನ್ನೊಮ್ಮೆ ನೋಡಿ" ಎಂದರು. ತಮ್ಮನಿದ್ದಾನೆಂದು ಹೆದರಿದಳು ಅಂತ ನಾಳೆ ಯಾರೂ ಆಡಿಕೊಳ್ಳಬಾರದು ನೋಡಿ! ಖಾತ್ರಿಯಿಲ್ಲದ ಮೈನ್ ಒಂದಷ್ಟು ಕೈಬಿಟ್ಟು ಲೆಕ್ಕ ಮತ್ತೆ ಹಾಕಿದಳು, ಆಗಲೂ ‘ಹೋಗಕೂಡದು’; ಇನ್ನಷ್ಟು ಕೈಬಿಟ್ಟು ಮಗದೊಮ್ಮೆ ಹಾಕಿದಳು. ಮೂರನೇ ಸಲ ‘ಹೋಗಬಹುದು’ ಎಂದು ಬಂತು. ಸಾಹೇಬರಿಗೆ ಅದನ್ನೇ ಕಳಿಸಿಬಿಟ್ಟಳು.

ಮಧ್ಯಾಹ್ನ ಅವ್ವ ಮಲ್ಲಾಜಮ್ಮ ತೆರಕಣಾಂಬಿ ಬಸ್ಸಿಳಿದು ಬಂದಳು. ಮಗ ಆ ಹಡಗಿನಲ್ಲಿ ಮುಂದಕ್ಕೆ ಹೋಗಬಹುದೇ ಎಂದು ಮಾದಪ್ಪನ ಗುಡಿಯಲ್ಲಿ ಪ್ರಸಾದ ಕೇಳಲು ಹೋಗಿದ್ದಳು. ದೇವರ ಎರಡು ಭುಜಕ್ಕೂ ಒದ್ದೆ ಹೂವಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ.

"ಬಲ್ಗಡೆ ಆಯ್ತು ಕಣಮ್ಮಿ! ಮೊದ್ಲು ಎಲ್ಡು ಸಲ ಎಡ್ಗಡೇನೇ ಬಿತ್ತು. ಇನ್ನೊಂದ್ಸಲ ಕೇಳ್ಬುಡಿ ಅಯ್ನೋರೇ ಅಂದೆ."

ದೇವರೆಂದರೆ ಮೂಗು ಮುರಿಯುವ ರೂಪಶ್ರೀ ರೇಗಿಬಿಟ್ಟಳು. "ಎರಡು ಸಲ ಬೇಡ ಅಂದ್ಮೇಲೂ ಕೇಳ್ತಾರೇನವ್ವ? ನಿನಗೆ ಬೇಕಾದ್ದು ಬರೋಗಂಟ ಕೇಳಿದ್ರೆ ಅದು ದೇವರ ಮಾತಾ, ನಿನ್ ಮಾತಾ?"

ಮಾತು ಬಾಯಿಂದ ಬಿದ್ದದ್ದೇ ತಡ, ಅವಳಿಗೆ ತನ್ನ ಮೂರನೇ ಲೆಕ್ಕ ನೆನಪಾಯಿತು. ಫೋನಿಗೆ ಕೈ ಹಾಕಿದಳು. "ಸಾರ್, ನನ್ನ ಮೊದಲನೇ ಲೆಕ್ಕವೇ ಸರಿ. ಹಡಗು ಹೋಗಕೂಡದು. ನಿಲ್ಲಿಸಿ."

ಆ ಕಡೆಯಿಂದ ಸಾಹೇಬರು ಹೇಳಿದರು, "ನಿಮ್ಮ ಮಾತಿನ ಮೇಲೇ ಬೆಳಿಗ್ಗೆ ಲಂಗರು ಎತ್ತಿದರಮ್ಮ. ಈಗ ಆ ಇಕ್ಕಟ್ಟು ದಾರಿಯ ನಟ್ಟನಡುವೆ ಇದೆ. ಅಲ್ಲಿ ತಿರುಗಿಸಲು ಜಾಗವಿಲ್ಲ."

"ಏನಂದ್ರಮ್ಮಿ?" ಅವ್ವ ಕೇಳಿದಳು.

"ಹಡಗು ಆಗ್ಲೇ ಒಂಟೋಗ್ಬುಟ್ಟದೆ ಕಣವ್ವ." ರೂಪಶ್ರೀ ಅವ್ವನ ಕಾಲ ಬಳಿ ಕುಸಿದು ಸೆರಗು ಹಿಡಿದುಕೊಂಡಳು. ಅಷ್ಟು ಓದಿದ ಹುಡುಗಿ ಮಗುವಿನ ಹಾಗೆ ಗೋಗರೆದಳು: "ಮೂರ್ನೇ ಸಲ ಬಿದ್ದದ್ದೂ ಮಾದಪ್ಪ ಕೊಟ್ಟದ್ದೇ ಅಲ್ವೇನವ್ವ? ಊಂ ಅನ್ನವ್ವ."

ಮಲ್ಲಾಜಮ್ಮ ಬಾಯಿ ತೆರೆದಳು. ಊಂ ಅನ್ನಲು ಅವಳಿಗೂ ಧೈರ್ಯ ಬರಲಿಲ್ಲ.